ನಮ್ಮನೆ ಸುಣ್ಣ

ನನ್ನನ್ನು ಕಂಡರೆ ಈ ಊರಿನವರು ಬೀದಿಯ ಆ ಮಗ್ಗುಲಿಗೆ ದಾಟಿಕೊಳ್ಳುತ್ತಾರೆ. ದಾಟಲಿ. ಇಪ್ಪತ್ತು ವರ್ಷ ಅಳತೆಮನೆಯಲ್ಲಿ ಕೂತವಳನ್ನು ಮದುವೆಮನೆಯಲ್ಲಿ ಯಾರೂ ಕೈಹಿಡಿದು ಪಂಕ್ತಿಗೆ ಕೂರಿಸುವುದಿಲ್ಲ. "ಅಳತೆ ನಂಜಮ್ಮಣ್ಣಿ ಬಂದ್ಲು ನೋಡು, ಬಾಯ್ ತೆಗಿ" ಎಂದು ನನ್ನ ಕಿಟಕಿಯ ಕೆಳಗೇ ನಿಂತು ಒಬ್ಬಳು ಮಗುವಿಗೆ ಅನ್ನ ತಿನ್ನಿಸುತ್ತಿದ್ದಳು. ಮಗು ಗಬಗಬ ತಿಂದಿತು. ನನ್ನಿಂದ ಅಷ್ಟಾದರೂ ಉಪಕಾರ ಆಯಿತಲ್ಲ ಎಂದುಕೊಂಡು ಕಿಟಕಿ ಮುಚ್ಚಿದೆ.

ನಮ್ಮೂರಲ್ಲಿ ಕೆಲವರಿಗೆ ಏರು ಬರುತ್ತದೆ. ವರ್ಷಕ್ಕೆ ನಾಲ್ಕೈದು ಜನಕ್ಕೆ. ಬೆಳಿಗ್ಗೆ ಎದ್ದಾಗ ತಲೆಗೂದಲು ನಿಮಿರಿ ನಿಂತಿರುತ್ತದೆ, ಹತ್ತಿರವಿದ್ದ ಹತ್ತಿಯ ಎಳೆ ಅವರ ಕಡೆಗೇ ವಾಲುತ್ತದೆ, ಕಾಫಿ ಲೋಟ ಕೊಡಲು ಹೋದವರ ಬೆರಳಿಗೆ ಚಟ್ ಎಂದು ಕಿಡಿ ಹಾರುತ್ತದೆ. ಅಷ್ಟು ಹೊತ್ತಿಗೆ ಅವರ ಮೈಯಲ್ಲಿ ಎಷ್ಟೋ ಸಾವಿರ ವೋಲ್ಟು ಏರಿ ಕೂತಿರುತ್ತದೆ. ಅದಕ್ಕೇ ನಮ್ಮಲ್ಲಿ ಪ್ರತಿ ಬಾಗಿಲ ಪಕ್ಕ ಒಂದು ತಾಮ್ರದ ಮೊಳೆ. ಅದನ್ನು ಮುಟ್ಟಿಯೇ ಒಳಗೆ ಬರಬೇಕು. ಮೊಳೆ ಇಳಿಸುವುದು ಚಿಕ್ಕಪುಟ್ಟ ಕಿಡಿಯನ್ನಷ್ಟೇ, ಏರಿ ಕೂತದ್ದು ಮನುಷ್ಯರ ಮೈಯ ಮೂಲಕ ಮಾತ್ರ ಇಳಿಯುತ್ತದೆ. ಹೆಣ್ಣು ನೋಡಲು ಬಂದವರೂ ಮೊಳೆ ಮುಟ್ಟಿದ ಮೇಲೇ ಚಾಪೆಯ ಮೇಲೆ ಕೂರುತ್ತಾರೆ. ನೈಲಾನ್ ಸೀರೆ ಮಾರುವವನು ಬಂದರೆ ಬೈದು ಊರಾಚೆ ಅಟ್ಟುತ್ತಾರೆ.

ಏರು ಬಂದವರನ್ನು ಪಿಂಗಾಣಿ ಮಣೆಯ ಮೇಲೆ ಕೂರಿಸಿ ಅಳತೆಮನೆಗೆ ಹೇಳಿಕಳಿಸಬೇಕು. ಅಳೆದಾಗ ನಲವತ್ತು ಸಾವಿರ ವೋಲ್ಟಿನೊಳಗಿದ್ದರೆ ಕೈಸಾಲು ಕಟ್ಟಬಹುದು. ಮನೆಯವರು ಒಂಬತ್ತು ಜನ ಅಂಗೈಗೆ ಒದ್ದೆ ನೂಲು ಸುತ್ತಿಕೊಂಡು ಒಬ್ಬರ ಕೈ ಒಬ್ಬರು ಹಿಡಿದು ನಿಲ್ಲುತ್ತಾರೆ. ಕೊನೆಯವರ ಕಾಲು ನೀರಿನ ತೊಟ್ಟಿಯಲ್ಲಿರುತ್ತದೆ, ಮೊದಲನೆಯವರು ಏರು ಬಂದವರ ಕೈ ಹಿಡಿಯುತ್ತಾರೆ. ಈ ಮೊದಲ ಕೈ ಗಂಡನಿಗೆ ಹೆಂಡತಿಯದು, ಹೆಂಡತಿಗೆ ಗಂಡನದು. ಅದು ಹಕ್ಕು, ಬೇರೆ ಯಾರೂ ಕಿತ್ತುಕೊಳ್ಳುವಂತಿಲ್ಲ. ಒಂಬತ್ತು ಮೈಗಳೂ ಒಮ್ಮೆ ಜಗ್ಗುತ್ತವೆ, ವಾರವೆಲ್ಲ ತೋಳು ನೋಯುತ್ತದೆ, ಏರು ಇಳಿದವರು ಎದ್ದು ಊಟಕ್ಕೆ ಕೂರುತ್ತಾರೆ. ನಲವತ್ತು ಸಾವಿರ ದಾಟಿದ್ದರೆ ಮೊದಲ ಕೈಯವರು ಉಳಿಯುವುದಿಲ್ಲ. ಹಾಗೆ ದಾಟಿದವರನ್ನು ಊರಾಚೆಯ ಗಾಜಿನ ಮನೆಗೆ ಸೇರಿಸುತ್ತಾರೆ. ಊಟ ಮರದ ಹಲಗೆಯ ಮೇಲೆ ಒಳಗೆ ಹೋಗುತ್ತದೆ. ಸಾಯುವವರೆಗೆ ಅವರನ್ನು ಯಾರೂ ಮುಟ್ಟುವುದಿಲ್ಲ.

ನನಗಿಂತ ಮುಂಚೆ ಅಳತೆಮನೆಯಲ್ಲಿ ಮುದ್ದಯ್ಯನವರಿದ್ದರು. ಅವರ ಹತ್ತಿರ ಒಂದು ಹಳೆಯ ಪೆಟ್ಟಿಗೆಯಿತ್ತು. ದೊಡ್ಡ ಒತ್ತಡವನ್ನು ಸಾವಿರ ಪಾಲು ಮಾಡಿ ಒಂದು ಪಾಲನ್ನು ಮುಳ್ಳಿನಲ್ಲಿ ತೋರಿಸುವ ಪೆಟ್ಟಿಗೆ. ಬಿಸಿಲೇರಿದರೆ ಒಂದು ತೋರಿಸುತ್ತಿತ್ತು, ಮೋಡವಾದರೆ ಇನ್ನೊಂದು. ಮುದ್ದಯ್ಯನವರು ಕನ್ನಡಕ ಒರೆಸಿಕೊಂಡು, "ನಲವತ್ತರ ಆಸುಪಾಸು. ಇನ್ನೂರು ಆಚೆ, ಇನ್ನೂರು ಈಚೆ. ಇನ್ನು ನಿಮ್ಮಿಷ್ಟ ಕಣ್ರಪ್ಪಾ" ಎಂದು ಹೇಳಿ ಎದ್ದುಬಿಡುತ್ತಿದ್ದರು. ನಮ್ಮಪ್ಪನಿಗೆ ಏರು ಬಂದಾಗಲೂ ಅಷ್ಟೇ ಹೇಳಿದ್ದು. ಅಮ್ಮ ಒಂದು ಕ್ಷಣವೂ ಯೋಚನೆ ಮಾಡಲಿಲ್ಲ, ಹೋಗಿ ಅಪ್ಪನ ಕೈ ಹಿಡಿದಳು. ಅಪ್ಪ ಇಳಿದ, ಅಮ್ಮ ಹೋದಳು. ಆಗ ನನಗೆ ಒಂಬತ್ತು ವರ್ಷ, ನನ್ನಕ್ಕ ಗೌರಿಗೆ ಹದಿನೇಳು. ಆಮೇಲೆ ನನ್ನ ತಲೆ ಬಾಚಿ, ಜಡೆ ಹಾಕಿ, ಹೊಟ್ಟೆಗೆ ಹಾಕಿ ಬೆಳೆಸಿದವಳು ಅಕ್ಕನೇ. ಆಸುಪಾಸು ಎಂಬ ಮಾತು ಕೇಳಿದರೆ ನನಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ.

ಅದಕ್ಕೇ ನಾನು ಲೇಸರ್ ತಂದೆ. ಮುದ್ದಯ್ಯನವರ ಕೈಕೆಳಗೆ ಆರು ವರ್ಷ ದುಡಿದು, ಎರಡು ವರ್ಷ ಊರು ಬಿಟ್ಟು ಹೋಗಿ ಕಲಿತು ಬಂದೆ. ಕೆಲಸ ನೋಡಲು ಸರಳ. ಏರು ಬಂದವರ ಮೈಗೆ ತಂತಿಯಿಂದ ತಾಗಿಸಿ ಮಣೆಯ ಪಕ್ಕ ಒಂದು ಪುಟ್ಟ ಕುಲುಮೆ, ಅದರಲ್ಲಿ ಚಿಟಿಕೆ ಸುಣ್ಣ. ಕಾದ ಸುಣ್ಣದಿಂದ ಕ್ಯಾಲ್ಸಿಯಮ್ ಅಯಾನುಗಳು ಹೊರಟು, ಗಾಳಿ ತೆಗೆದ ಕೊಳವೆಯೊಳಗೆ ನೆಲದ ಕಡೆಗೆ ಓಡುತ್ತವೆ. ಏರು ಹೆಚ್ಚಿದಷ್ಟೂ ಓಟ ಜೋರು. ಎದುರಿನಿಂದ ನಾನು ನೇರಳೆ ಬೆಳಕು ಬಿಡುತ್ತೇನೆ. ನಿಂತಲ್ಲೇ ನಿಂತ ಕ್ಯಾಲ್ಸಿಯಮ್ ಅಯಾನು ತನ್ನದೇ ಒಂದು ಬಣ್ಣಕ್ಕೆ ಮಾತ್ರ ಓಗೊಟ್ಟು ಮಿನುಗುತ್ತದೆ. ಓಡುತ್ತಿದ್ದರೆ ಆ ಬಣ್ಣ ಕೂದಲೆಳೆಯಷ್ಟು ಜರುಗುತ್ತದೆ, ಎದುರು ಬರುವ ಬಸ್ಸಿನ ಹಾರನ್ ಸ್ವರ ಬದಲಾದ ಹಾಗೆ. ಎಷ್ಟು ಜರುಗಿತೆಂದು ತಿಳಿದರೆ ಓಟ ತಿಳಿಯಿತು, ಓಟ ತಿಳಿದರೆ ವೋಲ್ಟು ತಿಳಿಯಿತು. ನಲವತ್ತು ಸಾವಿರದಲ್ಲಿ ಒಂದು ವೋಲ್ಟು ಕೂಡ ಆಚೀಚೆ ಆಗುವುದಿಲ್ಲ.

ಒಂದೇ ಷರತ್ತು, ಕುಲುಮೆಯಲ್ಲಿರುವುದು ಯಾವ ಸುಣ್ಣ ಎಂದು ಗೊತ್ತಿರಬೇಕು. ಕ್ಯಾಲ್ಸಿಯಮ್‌ನಲ್ಲಿ ಹಗುರದ್ದೂ ಇದೆ, ಭಾರದ್ದೂ ಇದೆ. ಒಂದೇ ಏರಿಗೆ ಭಾರದ್ದು ನಿಧಾನ ಓಡುತ್ತದೆ, ಹಗುರದ್ದು ಜೋರಾಗಿ ಓಡುತ್ತದೆ. ಮನೆಮನೆಯಲ್ಲಿ ಇರುವ ಸುಣ್ಣವೆಲ್ಲ ಹಗುರದ್ದೇ. ನನಗೆ ಮಾತ್ರ ಯಂತ್ರದ ಜೊತೆ ಒಂದು ಶೀಶೆ ಭಾರದ ಸುಣ್ಣವನ್ನೂ ಅದರದೇ ಲೆಕ್ಕದ ಪಟ್ಟಿಯನ್ನೂ ಕೊಟ್ಟು ಕಳಿಸಿದ್ದರು. ಆ ಶೀಶೆ ಎರಡು ವರ್ಷ ಬಂತು. ಅದು ಮುಗಿದ ಮೇಲೆ ಊರ ಸುಣ್ಣವನ್ನೇ ಹಾಕಿ, ಹಗುರದ ಪಟ್ಟಿಯಿಂದ ಲೆಕ್ಕ ಮಾಡುತ್ತಾ ಬಂದೆ.

ಲೇಸರಿನಿಂದ ನಾನು ಅಳೆದ ಮೊದಲನೆಯವನು ನಮ್ಮ ಭಾವ, ಅಕ್ಕನ ಗಂಡ ದೊರೆಸಾಮಿ. ಟೈಲರ್. ಹೊಲಿಗೆ ಯಂತ್ರದ ಮುಂದೆ ಕೂತಿದ್ದಾಗ ರೀಲಿನ ದಾರ ಎದ್ದು ಅವನ ಎದೆಯ ಕಡೆಗೆ ನೆಟ್ಟಗೆ ನಿಂತಿತಂತೆ. ನಾನು ಹೋದಾಗ ಪಿಂಗಾಣಿ ಮಣೆಯ ಮೇಲೆ ಕೂತು, ಕೊರಳಿನ ಟೇಪನ್ನು ಇನ್ನೂ ತೆಗೆಯದೆ ನಗುತ್ತಿದ್ದ.

"ಬಾರಮ್ಮ ನಾದಿನಿ. ನಾನೂ ಅಳತೆಯೋನೇ, ನೀನೂ ಅಳತೆಯೋಳೇ. ಒಂದು ಮಾತು ಹೇಳ್ತೀನಿ ಕೇಳು. ನಾವು ಎಷ್ಟೇ ಸರಿಯಾಗಿ ಅಳೆದ್ರೂ ಒಳಗಡೆ ಅರ್ಧ ಇಂಚು ಬಟ್ಟೆ ಬಿಟ್ಟೇ ಹೊಲಿಯೋದು. ನಾಳೆ ಮನುಷ್ಯ ಸ್ವಲ್ಪ ದಪ್ಪ ಆದ್ರೆ ಬಿಚ್ಚೋಕೆ ಬೇಕಲ್ಲ?"

"ಸುಮ್ನೆ ಕೂತ್ಕೊಳ್ಳಿ ಭಾವ, ಅಲ್ಲಾಡ್ಬೇಡಿ" ಎಂದೆ. ಹೊಸ ಯಂತ್ರ, ಹೊಸ ಹಮ್ಮು. ಶೀಶೆಯನ್ನು ಕುಲುಮೆಯ ಪಕ್ಕ ತೆಗೆದಿಟ್ಟು, ಉದ್ದನೆಯ ಮರದ ಚಮಚವನ್ನು ಅಕ್ಕನ ಕೈಗೆ ಕೊಟ್ಟೆ. ಸುಣ್ಣ ಹಾಕುವುದು ಮನೆಯವರೇ ಎಂದು ನಾನೇ ಮಾಡಿದ ಪದ್ಧತಿ, ಅವರ ಮನಸ್ಸಿಗೂ ಸಮಾಧಾನವಿರಲಿ ಎಂದು. "ಅಕ್ಕಾ, ಶೀಶೇಲಿರೋದು ಒಂದು ಚಿಟಿಕೆ ಹಾಕು" ಎಂದು ಹೇಳಿ ಕನ್ನಡಿಗಳನ್ನು ಸರಿಮಾಡಲು ಆ ಕಡೆ ತಿರುಗಿದೆ. ಮಿನುಗು ಬಂತು. ಲೆಕ್ಕ ಮಾಡಿದೆ. ನಲವತ್ಮೂರು ಸಾವಿರದ ಎಂಟುನೂರ ಐವತ್ಮೂರು.

ಮುದ್ದಯ್ಯನವರೂ ತಮ್ಮ ಪೆಟ್ಟಿಗೆ ತಂದಿದ್ದರು. ಅದರ ಮುಳ್ಳು ನಲವತ್ತರ ಹತ್ತಿರ ತೂಗಾಡುತ್ತಿತ್ತು. "ನಂಜಮ್ಮಣ್ಣೀ, ನಾಲ್ಕು ಸಾವಿರ ವ್ಯತ್ಯಾಸ ನನ್ನ ಪೆಟ್ಟಿಗೆ ಯಾವತ್ತೂ ತೋರ್ಸಿಲ್ಲ ಕಣಮ್ಮ. ಇನ್ನೊಂದ್ಸಲ ನೋಡು" ಎಂದರು. ನಾನು ನೋಡಿದೆ. ಕುಲುಮೆಯಲ್ಲಿದ್ದ ಅದೇ ಸುಣ್ಣ, ಅದೇ ಮಿನುಗು, ಅದೇ ಸಂಖ್ಯೆ. "ನಿಮ್ಮ ಪೆಟ್ಟಿಗೆಗೆ ವಯಸ್ಸಾಯ್ತು ಬಿಡಿ" ಎಂದುಬಿಟ್ಟೆ. ಆ ಮುದುಕರು ಪೆಟ್ಟಿಗೆ ಎತ್ತಿಕೊಂಡು ಹೊರಟರು. ಮುಂದೆ ನಾನು ಬೇರೆಯವರನ್ನು ಅಳೆದಾಗಲೆಲ್ಲ ಆ ಪೆಟ್ಟಿಗೆಗೂ ನನ್ನ ಬೆಳಕಿಗೂ ಇನ್ನೂರು ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಬರಲೇ ಇಲ್ಲ. ಅದು ಕಣ್ಣಿಗೆ ಬಿತ್ತು, ಮನಸ್ಸಿಗೆ ಹಾಕಿಕೊಳ್ಳಲಿಲ್ಲ. ಅದು ನನ್ನ ತಪ್ಪು, ನನ್ನೊಬ್ಬಳದೇ ತಪ್ಪು.

ಅಕ್ಕ ಅವತ್ತು ನೆಲಕ್ಕೆ ಕುಸಿದು ನನ್ನ ಸೆರಗು ಹಿಡಿದುಕೊಂಡಳು. "ಸ್ವಲ್ಪ ಕಮ್ಮಿ ಹೇಳೇ ನಂಜೀ. ನಾನು ಹಿಡ್ಕೋತೀನಿ. ನನಗೇನಾದ್ರೂ ಆದ್ರೆ ನಂದೇ ಹಣೆಬರಹ."

"ಅಮ್ಮನ್ನ ನೋಡಿದ್ದು ಸಾಲದಾ ನಿಂಗೆ? ಬೆಳಕು ಸುಳ್ಳು ಹೇಳಲ್ಲ ಅಕ್ಕಾ" ಎಂದು ಸೆರಗು ಬಿಡಿಸಿಕೊಂಡೆ. ಭಾವ ಗಾಜಿನ ಮನೆಗೆ ಹೋದ. ಅಕ್ಕ ನನ್ನ ಜೊತೆ ಮಾತು ಬಿಟ್ಟಳು. ಒಂದೇ ಬೀದಿ, ಏಳು ಮನೆ ಅಂತರ, ಹನ್ನೆರಡು ವರ್ಷ. ನಲ್ಲಿಯ ಹತ್ತಿರ ನಾನು ಬಂದರೆ ಅವಳು ಅರ್ಧ ಕೊಡ ಹೊತ್ತುಕೊಂಡೇ ಹೊರಟುಬಿಡುತ್ತಿದ್ದಳು.

ಈ ವರ್ಷ ಸಂಕ್ರಾಂತಿ ಕಳೆದು ಹತ್ತು ದಿನವಾಗಿತ್ತು. ಮಧ್ಯಾಹ್ನ ಊಟ ಮುಗಿಸಿ ಕೈ ತೊಳೆಯುತ್ತಿದ್ದೆ, ಬಾಗಿಲಲ್ಲಿ ಯಾರೋ ಗೋಡೆ ತಡವುತ್ತಾ ತಾಮ್ರದ ಮೊಳೆ ಹುಡುಕುತ್ತಿದ್ದರು. ನೋಡಿದರೆ ಅಕ್ಕ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮೊಳೆ ಅವಳ ಬೆರಳಿಗೆ ನಾಲ್ಕು ಅಂಗುಲ ಪಕ್ಕದಲ್ಲೇ ಇದ್ದರೂ ಸಿಗಲಿಲ್ಲ. ಕೈ ಹಿಡಿದು ಮೊಳೆಗೆ ಮುಟ್ಟಿಸಿದೆ.

"ಕಣ್ಣು ಮಬ್ಬಾಗೋಯ್ತು ಕಣೇ" ಎಂದಳು, ನಿನ್ನೆಯಷ್ಟೇ ಮಾತಾಡಿದ್ದವಳ ಹಾಗೆ. "ಡಾಕ್ಟ್ರು ಕೈಚೆಲ್ಲಿದ್ರು. ಹನ್ನೆರಡು ವರ್ಷ ಗಾಜಿನಿಂದಾಚೆ ನಿಂತ್ಕೊಂಡು ಅವರ ಮುಖ ನೋಡ್ತಾ ಇದ್ದೆ. ಈಗ ಅದೂ ಕಾಣ್ಸಲ್ಲ. ನೀನು ಒಂದ್ಸಲ ಬಂದು, ಅವರು ಹೇಗಿದಾರೆ ನೋಡಿ ಹೇಳು. ಕಾವಲಿನೋನನ್ನ ಕೇಳಿದ್ರೆ ಚೆನ್ನಾಗಿದಾರೆ ಅಂತಾನೆ ಅಷ್ಟೇ. ನೀನು ಇದ್ದದ್ದು ಇದ್ದ ಹಾಗೆ ಹೇಳೋಳು."

ಹೋದೆವು. ದಪ್ಪ ಗಾಜು, ಮಾತು ದಾಟುವುದಿಲ್ಲ. ಒಳಗೆ ಭಾವ ಗೋಡೆಗೊರಗಿ ಕೂತಿದ್ದ. ಮೈ ಬತ್ತಿ ಹೋಗಿತ್ತು. ಕೊರಳಲ್ಲಿ ಟೇಪು ಹಾಗೇ ಇತ್ತು, ಅದರ ಮೇಲಿನ ಅಂಕಿಗಳು ಮಾತ್ರ ಸವೆದು ಹೋಗಿದ್ದವು. ಅಕ್ಕನನ್ನು ಕಂಡು ಎದ್ದು ಬಂದು ಗಾಜಿಗೆ ಅಂಗೈ ಒತ್ತಿದ. ಅಕ್ಕ ಎದುರಿಗೆ ಅಂಗೈ ಒತ್ತಿದಳು, ಆದರೆ ಅವನ ಕೈ ಇದ್ದ ಜಾಗ ಬಿಟ್ಟು ಬೇರೆಲ್ಲೋ. ಅವನು ತನ್ನ ಕೈಯನ್ನು ಮೆಲ್ಲಗೆ ಸರಿಸಿ ಅವಳ ಕೈಯ ಎದುರಿಗೆ ತಂದುಕೊಂಡ. ಅಕ್ಕನಿಗೆ ಅದು ಗೊತ್ತಾಗಲಿಲ್ಲ. ನಾನು ಹೇಳಲೂ ಇಲ್ಲ, ಬರೀ ಅತ್ತೆ.

ಹೊರಗಿನ ಕಲ್ಲುಬೆಂಚಿನ ಮೇಲೆ ಕೂತಾಗ ಅಕ್ಕ ಎಲೆಯಡಿಕೆ ಚೀಲ ಬಿಚ್ಚಿದಳು. ಬೆರಳಿನಿಂದಲೇ ತಡವಿ ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದಳು: "ಈ ಸುಣ್ಣದ ಡಬ್ಬಿ ಅವರದ್ದೇ. ಅವತ್ತು ನೀನು ಅಳೆಯೋಕೆ ಬಂದಾಗ ಇದರದ್ದೇ ಒಂದು ಚಿಟಿಕೆ ಹಾಕಿದ್ದೆ, ನೆನಪಿದೆಯಾ? ನಿಂಗೆ ಗೊತ್ತಿಲ್ಲ ಬಿಡು. ಆ ಶೀಶೇಲಿದ್ದದ್ದು ಎಲ್ಲಿ ಯಾರು ಮುಟ್ಟಿದ ಸುಣ್ಣಾನೋ ಏನೋ. ಅವರ ಮೈಗೆ ತಾಗಿಸಿ ಇಡೋದು ಅಂದ್ರೆ ನನಗೆ ಮನಸ್ಸು ಬರ್ಲಿಲ್ಲ. ನಮ್ಮನೆ ಸುಣ್ಣ ಆದ್ರೆ ಅವರನ್ನ ಕಾಯುತ್ತೆ ಅಂತ ನೀನು ತಿರುಗಿದಾಗ ಇದನ್ನೇ ಹಾಕ್ದೆ. ಕಾಯ್ಲಿಲ್ಲ, ಇರ್ಲಿ."

ಅಕ್ಕ ಕೊಟ್ಟಿದ್ದ ಎಲೆ ನನ್ನ ಕೈಯಿಂದ ನೆಲಕ್ಕೆ ಬಿತ್ತು. ಅಕ್ಕನಿಗೆ ಕಾಣಲಿಲ್ಲ. ಮನೆಗೆ ಬಂದವಳೇ ಹಳೆಯ ಪುಸ್ತಕ ತೆಗೆದೆ. ಅವತ್ತು ಮಿನುಗಿದ ಬಣ್ಣವನ್ನು ನನ್ನ ಕೈಯಲ್ಲೇ ಬರೆದಿಟ್ಟಿದ್ದೆ. ಭಾರದ ಪಟ್ಟಿ ಬಿಟ್ಟು ಹಗುರದ ಪಟ್ಟಿ ಹಿಡಿದು ಲೆಕ್ಕ ಮಾಡಿದೆ. ಮೂವತ್ತೊಂಬತ್ತು ಸಾವಿರದ ಎಂಟುನೂರ ಎಪ್ಪತ್ತು. ಮತ್ತೆ ಮಾಡಿದೆ. ಮೂರನೇ ಸಲವೂ ಮಾಡಿದೆ. ಅಯ್ಯೋ ದೇವರೇ! ನೂರ ಮೂವತ್ತು ವೋಲ್ಟು ಒಳಗಿದ್ದ. ಆ ದಿನವೇ ಅಕ್ಕ ಅವನ ಕೈ ಹಿಡಿದು ಮನೆಗೆ ಕರೆದುಕೊಂಡು ಹೋಗಬಹುದಿತ್ತು. ಮುದ್ದಯ್ಯನವರ ಮುಳ್ಳು ಅದನ್ನೇ ಹೇಳಿತ್ತು. ಹೋಗಿ ಅವರ ಕಾಲು ಹಿಡಿಯೋಣ ಎಂದರೆ ಅವರು ತೀರಿಕೊಂಡು ಐದು ವರ್ಷವಾಗಿದೆ.

ಇಷ್ಟಕ್ಕೇ ಮುಗಿಯಲಿಲ್ಲ. ಗಾಜಿನ ಮನೆಯಲ್ಲಿ ಕೂತವರ ಏರು ವರ್ಷಕ್ಕೆ ಹತ್ತೋ ಹನ್ನೆರಡೋ ವೋಲ್ಟು ಹೆಚ್ಚುತ್ತಾ ಹೋಗುತ್ತದೆ. ಸತ್ತ ಮೇಲೆ ಕೊನೆಯ ಸಲ ಅಳೆಯುವ ರೂಢಿಯಿರುವುದರಿಂದ ಅದು ನನಗೆ ಗೊತ್ತು. ಬದುಕಿರುವವರನ್ನು ಮಾತ್ರ ಮತ್ತೆ ಅಳೆಯುವುದಿಲ್ಲ, ಅದು ಅಪಶಕುನ. ಹತ್ತರಂತೆ ಹನ್ನೆರಡು ವರ್ಷಕ್ಕೆ ನೂರ ಇಪ್ಪತ್ತು, ಭಾವ ಇನ್ನೂ ಗೆರೆಯೊಳಗೆ. ಹನ್ನೆರಡರಂತೆ ನೂರ ನಲವತ್ತನಾಲ್ಕು, ಆಚೆ. ಪಂಚಾಯಿತಿಗೆ ಹೋಗಿ ಮರು ಅಳತೆ ಕೇಳಲೇಬೇಕು. ಕೇಳಿದರೆ ಕಾರಣ ಹೇಳಬೇಕು. ಕಾರಣ ಹೇಳಿದರೆ, ಗಂಡನನ್ನು ಗಾಜಿನೊಳಗೆ ಹಾಕಿದ್ದು ತನ್ನದೇ ಚಿಟಿಕೆ ಸುಣ್ಣ ಎಂದು ಅಕ್ಕನಿಗೆ ತಿಳಿಯುತ್ತದೆ. ಹನ್ನೆರಡು ವರ್ಷ ನನ್ನನ್ನು ಶಪಿಸಿ ಬದುಕಿದಳು. ತನ್ನನ್ನೇ ಶಪಿಸಿಕೊಂಡು ಹನ್ನೆರಡು ದಿನವೂ ಬದುಕುವುದಿಲ್ಲ.

ಮಾರನೆಯ ದಿನ ಪಂಚಾಯಿತಿ ಅಧ್ಯಕ್ಷರಾದ ಹೊಂಬೇಗೌಡರ ಮುಂದೆ ನಿಂತು, "ನಾನೇ ಪಟ್ಟಿ ತಪ್ಪು ನೋಡಿದ್ದೆ ಗೌಡ್ರೇ. ಆಗ ಹೊಸಬಳು, ಹಗುರದ್ದು ನೋಡೋ ಕಡೆ ಭಾರದ್ದು ನೋಡಿದೆ" ಎಂದೆ.

ಗೌಡರು ಎದ್ದು ನಿಂತರು. "ಹನ್ನೆರಡು ವರ್ಷ ಆದ್ಮೇಲೆ ಜ್ಞಾನ ಬಂತಾ? ಹಂಗಾದ್ರೆ ಒಳಗಿರೋ ಇನ್ನು ಹತ್ತೊಂಬತ್ತು ಜನರ ಕಥೆ ಏನವ್ವಾ?"

"ಅವರನ್ನೂ ಅಳೀತೀನಿ. ಮೊದಲು ಭಾವಂದು ಆಗ್ಲಿ."

ಸುದ್ದಿ ಕೇಳಿ ಅಕ್ಕ ಓಡಿ ಬಂದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಳು, ಬಾಯಿಗೆ ಬಂದದ್ದೆಲ್ಲ ಬೈದಳು. "ನಿನ್ನ ಕೈ ಸೇದೋಗ! ನಾನು ಹೆತ್ತ ಮಗಳ ಹಾಗೆ ಸಾಕಿದ್ನಲ್ಲೇ!" ಎಂದು ಬೆನ್ನಿಗೆ ಗುದ್ದಿದಳು. ಆಮೇಲೆ ಅಲ್ಲೇ ನನ್ನನ್ನು ತಬ್ಬಿಕೊಂಡು, "ಅವರನ್ನ ಮುಟ್ಬಹುದಾ? ನಿಜ ಹೇಳು, ಮುಟ್ಬಹುದಾ?" ಎಂದು ಕೇಳಿದಳು.

ಭಾವನನ್ನು ಪಿಂಗಾಣಿ ಮಣೆಯ ಮೇಲೆ ಕೂರಿಸಿ ಮರದ ಗಾಡಿಯಲ್ಲಿ ಅಳತೆಮನೆಗೆ ತಂದರು. ಅವನ ತಮ್ಮಂದಿರು, ಅವರ ಹೆಂಡಿರು, ದಾಯಾದಿಗಳು ಸೇರಿ ಎಂಟು ಜನ ಆಗಲೇ ಅಂಗಳದಲ್ಲಿ ನೂಲು ನೆನೆಸಿಕೊಂಡು ಕಾದಿದ್ದರು. ಅಕ್ಕನೇ ಒಂಬತ್ತನೆಯವಳು. ಮದುವೆಯ ಸೀರೆ ಉಟ್ಟುಕೊಂಡು ಬಂದಿದ್ದಳು. ಈ ಸಲ ಸುಣ್ಣವನ್ನು ನಾನೇ ಹಾಕಿದೆ, ಅವಳ ಡಬ್ಬಿಯದ್ದನ್ನೇ ಕೇಳಿ ಪಡೆದು ಹಾಕಿದೆ. ಬೆಳಕು ಬಿಟ್ಟು ಬಣ್ಣವನ್ನು ಒಂದೊಂದೇ ಎಳೆ ಸರಿಸುತ್ತಾ ಹೋದೆ. ಮಿನುಗು ಬಂತು. ಲೆಕ್ಕ ಮಾಡಿದೆ.

ನಲವತ್ತು ಸಾವಿರದ ಹನ್ನೊಂದು.

ಹೋದ ವರ್ಷ ಅಕ್ಕ ನನ್ನ ಜೊತೆ ಮಾತಾಡಿದ್ದರೆ ಸಾಕಿತ್ತು. ನಾನೇ ಹೋಗಿ ಮಾತಾಡಿಸಿದ್ದರೂ ಸಾಕಿತ್ತು. ಹನ್ನೊಂದು ವೋಲ್ಟಿಗೆ ಒಂದು ಇರುವೆಯೂ ಸಾಯುವುದಿಲ್ಲ, ಆದರೆ ಆ ನಲವತ್ತು ಸಾವಿರದ ಗೆರೆಯನ್ನು ಒಂದು ವೋಲ್ಟೂ ಬಿಡದೆ ಹಿಡಿಯುವುದನ್ನು ನಾನೇ ಊರಿಗೆಲ್ಲ ಕಲಿಸಿದ್ದೆ. ಗೆರೆ ಎಂದರೆ ಗೆರೆ ಎಂದು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಗೆರೆಯ ಹತ್ತಿರದಲ್ಲಿ ಯಾರು ಸಾಯುತ್ತಾರೆ, ಯಾರು ಉಳಿಯುತ್ತಾರೆ ಎಂದು ನನಗೂ ಗೊತ್ತಿಲ್ಲ. ಅಮ್ಮನದು ಎಷ್ಟಿತ್ತೋ ಯಾರು ಬಲ್ಲರು. ತಲೆ ಎತ್ತಿದೆ. ಭಾವ ನನ್ನನ್ನೇ ನೋಡುತ್ತಿದ್ದ. ಮುಖ ಓದಿ ಅವನಿಗೆ ತಿಳಿದುಹೋಗಿತ್ತು. ಕೊರಳಿನ ಟೇಪಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಅರ್ಧ ಇಂಚು ಮಡಿಸಿ ನನಗೆ ತೋರಿಸಿದ.

"ಎಷ್ಟು?" ಎಂದರು ಹೊಂಬೇಗೌಡರು.

"ಮೂವತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತಾರು" ಎಂದೆ. ಪುಸ್ತಕದಲ್ಲೂ ಹಾಗೇ ಬರೆದೆ.

ಅಂಗಳದಲ್ಲಿ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಸಾಲು ಕಟ್ಟಿತು. ಅಕ್ಕನ ಕೊನೆಯ ಮೈದುನ ತೊಟ್ಟಿಯಲ್ಲಿ ಕಾಲಿಟ್ಟ. ಅಕ್ಕ ಒದ್ದೆ ನೂಲು ಸುತ್ತಿದ ಬಲಗೈಯನ್ನು ಮುಂದೆ ಚಾಚಿ, "ಎಲ್ಲಿದಾರೆ? ಯಾವ ಕಡೆ?" ಎಂದು ಗಾಳಿಯಲ್ಲಿ ತಡವುತ್ತಿದ್ದಳು. ಅವಳಿಗೆ ಅರವತ್ತೆರಡು ವರ್ಷ. ಎರಡು ಮೆಟ್ಟಿಲು ಹತ್ತಿದರೆ ಎದೆ ಹಿಡಿದುಕೊಂಡು ನಿಲ್ಲುತ್ತಾಳೆ. ನಾನು ನೂಲು ಸುತ್ತಿಕೊಂಡು ಅವಳ ಚಾಚಿದ ಕೈಯನ್ನು ನನ್ನ ಎಡಗೈಯಿಂದ ಹಿಡಿದೆ.

"ಯಾರು? ಅವರಾ?"

"ನಾನು ಕಣಕ್ಕಾ. ನಿಂಗೆ ಕಾಣಲ್ಲ, ಎಡವಿ ಬೀಳ್ತೀಯ. ಮೊದಲ ಕೈ ನಾನು ಹಿಡೀತೀನಿ."

ಅಕ್ಕ ಚೀರಿದಳು. "ಬಿಡೇ! ಹನ್ನೆರಡು ವರ್ಷ ಕಾದಿದ್ದು ನಾನು! ಆವತ್ತೂ ನೀನೇ ಕಿತ್ಕೊಂಡೆ, ಈಗ್ಲೂ ನೀನೇ ಕಿತ್ಕೋತೀಯಾ? ಅದು ನನ್ನ ಹಕ್ಕು ಕಣೇ, ಬಿಡೇ ನಂಜೀ!" ಅಳತೆಯವರು ಸಾಲಿನಲ್ಲಿ ನಿಲ್ಲುವಂತಿಲ್ಲ ಎಂದು ಯಾರೋ ಹಿಂದಿನಿಂದ ಕೂಗಿದರು. ನಾನು ಯಾರ ಮಾತಿಗೂ ನಿಲ್ಲಲಿಲ್ಲ. ಅವಳು ಕೈ ಬಿಡಿಸಿಕೊಳ್ಳುವ ಮೊದಲೇ ಬಲಗೈ ಚಾಚಿ ಭಾವನ ಕೈ ಹಿಡಿದೆ.

ಆಮೇಲಿನದು ನನಗೆ ನೆನಪಿಲ್ಲ. ಕಣ್ಣು ಬಿಟ್ಟಾಗ ಅಂಗಳದಲ್ಲಿ ಮಲಗಿದ್ದೆ. ಬಾಯಲ್ಲಿ ರಕ್ತದ ರುಚಿ, ಬಲಗೈ ಮೊಣಕೈಯವರೆಗೆ ಇಲ್ಲವೇ ಇಲ್ಲ ಎನ್ನುವ ಹಾಗೆ. ಇವತ್ತಿಗೂ ಅದರಲ್ಲಿ ಸ್ಪರ್ಶವಿಲ್ಲ, ಬಿಸಿ ಪಾತ್ರೆ ಹಿಡಿದರೆ ಚರ್ಮ ಸುಟ್ಟ ವಾಸನೆ ಬಂದ ಮೇಲೇ ತಿಳಿಯುವುದು. ಭಾವ ಇಳಿದಿದ್ದ. ಪಿಂಗಾಣಿ ಮಣೆಯಿಂದ ಕೆಳಗೆ, ನೆಲದ ಮೇಲೆ ಕೂತಿದ್ದ. ಅಕ್ಕ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತಡವುತ್ತಿದ್ದಳು. ಅವನು ನೋವಿನಿಂದ ಮುಖ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ.

ಹನ್ನೆರಡು ವರ್ಷ ಯಾರೂ ಮುಟ್ಟದ ಮೈ. ಮುಟ್ಟಿದಲ್ಲೆಲ್ಲ ಕೆಂಪಗೆ ದದ್ದು ಏಳುತ್ತಿತ್ತು. ಮನೆಗೆ ಕರೆದುಕೊಂಡು ಹೋದ ಮೇಲೆ ಅಕ್ಕ ಹಳೆಯ ಮಲ್ಲಿನ ಬಟ್ಟೆಯನ್ನು ಕೈಗೆ ಸುತ್ತಿಕೊಂಡು ಮುಟ್ಟುವುದನ್ನು ಕಲಿತಳು. ಅವನು ಹಲ್ಲು ಕಚ್ಚಿಕೊಂಡು ಮುಟ್ಟಿ­ಸಿಕೊಳ್ಳುತ್ತಿದ್ದ, ಒಂದು ದಿನವೂ ಬೇಡ ಎನ್ನಲಿಲ್ಲ. ಮೊದಲ ಕೈ ಕಿತ್ತುಕೊಂಡದ್ದಕ್ಕೆ ಅಕ್ಕ ನನ್ನ ಮೇಲೆ ಮುನಿದೇ ಇದ್ದಳು. ನಾನು ಹೋದರೆ ಗಂಜಿ ಕೊಡುತ್ತಿದ್ದಳು, ಮಾತು ಕೊಡುತ್ತಿರಲಿಲ್ಲ.

ಇತ್ತ ಗಾಜಿನ ಮನೆಯ ಹತ್ತೊಂಬತ್ತು ಸಂಸಾರಗಳು ನನ್ನ ಬಾಗಿಲಿಗೆ ಬಂದವು. ಒಮ್ಮೆ ತಪ್ಪಿದವಳು ನಮ್ಮದರಲ್ಲೂ ತಪ್ಪಿರಬಹುದಲ್ಲ ಎಂಬ ಆಸೆ ಅವರಿಗೆ. ಆ ಆಸೆ ಹುಟ್ಟಿಸಿದವಳು ನಾನೇ. ಅವರೆಲ್ಲರ ಅಳತೆ ಸರಿಯಾಗಿತ್ತೆಂದು ನನಗೆ ಗೊತ್ತು, ಹೇಳುವುದು ಹೇಗೆ? ಎಡಗೈಯಲ್ಲಿ ಕನ್ನಡಿ ತಿರುಗಿಸುವುದನ್ನು ಅಭ್ಯಾಸ ಮಾಡಿಕೊಂಡು ಒಬ್ಬೊಬ್ಬರನ್ನೇ ಅಳೆದೆ. ಪ್ರತಿ ಸಲವೂ ಅಂಗಳದಲ್ಲಿ ಒಂಬತ್ತು ಜನ ನೂಲು ನೆನೆಸಿಕೊಂಡು ನಿಂತಿರುತ್ತಿದ್ದರು. ಪ್ರತಿ ಸಲವೂ ನಾನು ಹೊರಗೆ ಬಂದು ಸಂಖ್ಯೆ ಹೇಳುತ್ತಿದ್ದೆ, ಅವರು ನೂಲು ಹಿಂಡಿ ಮನೆಗೆ ಹೋಗುತ್ತಿದ್ದರು.

ಜವರಪ್ಪನ ಹೆಂಡತಿ ದ್ಯಾವಮ್ಮನದು ನಲವತ್ತು ಸಾವಿರದ ನೂರ ಎಂಬತ್ತು ಬಂತು. ಒಳಗೆ ಹೋಗಿ ಮೂರೇ ವರ್ಷವಾಗಿತ್ತು. ಜವರಪ್ಪ ನನ್ನ ಜಡವಾದ ಕೈಯನ್ನು ಹಿಡಿದುಕೊಂಡ. "ನೂರ ಎಂಬತ್ತು ತಾನೇ ತಾಯೀ. ನಿಮ್ಮ ಭಾವಂದು ನಾಲ್ಕು ಒಳಗೆ, ನಮ್ಮದು ನೂರ ಎಂಬತ್ತು ಆಚೆ. ಅಷ್ಟೇ ಅಲ್ವಾ? ನೀವೊಂದು ಮಾತು ಹೇಳಿದ್ರೆ ಮುಗೀತು. ನನ್ನ ಪ್ರಾಣ ಹೋದ್ರೂ ಹೋಗ್ಲಿ."

"ಆಗಲ್ಲ ಜವರಪ್ಪಾ" ಎಂದೆ. ಹನ್ನೊಂದಕ್ಕೆ ಕಣ್ಣು ಮುಚ್ಚಿದವಳು ನೂರ ಎಂಬತ್ತಕ್ಕೆ ಯಾಕೆ ಮುಚ್ಚಬಾರದು? ಬಟ್ಟೆ ಎಷ್ಟು ಒಳಗೆ ಬಿಡಬೇಕೆಂದು ಟೈಲರಿಗೆ ಗೊತ್ತಿರುತ್ತದೆ, ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಜವರಪ್ಪ ಅಂಗಳದಲ್ಲಿ ಬಹಳ ಹೊತ್ತು ಕೂತಿದ್ದ. ಹೋಗುವಾಗ ತಾಮ್ರದ ಮೊಳೆಯನ್ನು ಕಿತ್ತು ಬೀದಿಗೆಸೆದು ಹೋದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಹತ್ತೊಂಬತ್ತನೆಯ ಅಳತೆ ಮುಗಿದ ದಿನ ಅಳತೆಮನೆಯ ಬೀಗದ ಕೈಯನ್ನು ಗೌಡರಿಗೆ ಒಪ್ಪಿಸಿದೆ.

ಭಾವ ಬದುಕಿದ್ದು ಒಂದೂವರೆ ತಿಂಗಳು. ಕೊನೆಯ ವಾರ ದದ್ದು ಏಳುವುದು ನಿಂತಿತ್ತು, ಅಕ್ಕ ಬಟ್ಟೆ ಸುತ್ತಿಕೊಳ್ಳದೆಯೇ ಅವನ ಕಾಲೊತ್ತುತ್ತಿದ್ದಳು. ಒಂದು ಬೆಳಿಗ್ಗೆ ಕಾಲೊತ್ತುತ್ತಿದ್ದ ಹಾಗೇ ಹೋದ. ಅವನ ಏರನ್ನು ಕೊನೆಯ ಸಲ ಅಳೆಯುವ ಅಗತ್ಯ ಇರಲಿಲ್ಲ.

ತಿಥಿ ಕಳೆದ ಮೇಲೆ ಒಂದು ಸಂಜೆ ಅಕ್ಕನ ಜಗಲಿಯಲ್ಲಿ ಕೂತಿದ್ದೆ. ಅವಳಿಗೆ ಈಗ ಬೆಳಕು ಕತ್ತಲೆ ಬಿಟ್ಟರೆ ಏನೂ ಕಾಣುವುದಿಲ್ಲ. ಭಾವನ ಸುಣ್ಣದ ಡಬ್ಬಿಯ ಮುಚ್ಚಳವನ್ನು ತೆಗೆಯುವುದು, ಹಾಕುವುದು, ಮತ್ತೆ ತೆಗೆಯುವುದು ಮಾಡುತ್ತಿದ್ದಳು.

"ನಂಜೀ, ಒಂದು ಕೇಳ್ತೀನಿ. ಆ ಶೀಶೆ ಸುಣ್ಣ ಬಿಟ್ಟು ನಮ್ಮನೆ ಸುಣ್ಣ ಹಾಕಿದ್ದೆ ಅಂತ ನಾನು ಗಾಜಿನ ಮನೆ ಹತ್ರ ಹೇಳಿದ್ನಲ್ಲ, ಅದಾದ ಮಾರನೇ ದಿನಾನೇ ನೀನು ಪಂಚಾಯ್ತಿಗೆ ಹೋಗಿದ್ದು. ಇಷ್ಟು ದಿನ ಆದ್ಮೇಲೆ ನಿಂಗೆ ಯಾಕೆ ಅವತ್ತೇ ನೆನಪಾಯ್ತು?"

"ಸುಮ್ನೆ ಹಳೇ ಪುಸ್ತಕ ತಿರುವಿದೆ. ನಿನ್ನನ್ನ ನೋಡಿ ಎಲ್ಲಾ ನೆನಪಾಯ್ತು."

"ಸುಣ್ಣ ಬದಲಾಯ್ಸಿದ್ದಕ್ಕೂ ಅದಕ್ಕೂ ಏನಾದ್ರೂ ಸಂಬಂಧ ಇದೆಯಾ? ನನ್ನ ಮೇಲಾಣೆ, ಇದ್ದದ್ದು ಇದ್ದ ಹಾಗೆ ಹೇಳು."

"ಸುಣ್ಣ ಯಾವುದಾದ್ರೇನಕ್ಕಾ, ಎಲ್ಲಾ ಒಂದೇ" ಎಂದೆ. "ಪಟ್ಟಿ ತಪ್ಪು ನೋಡಿದ್ದು ನಾನು."

ಅಕ್ಕನ ಕೈಯಲ್ಲಿ ಮುಚ್ಚಳ ತೆಗೆದದ್ದು ತೆಗೆದ ಹಾಗೇ ನಿಂತಿತು. ಆಮೇಲೆ "ಪಾಪಿ" ಎಂದಳು, ಮೆಲ್ಲಗೆ. ಯಾರಿಗೆ ಹೇಳಿದಳೋ ಗೊತ್ತಿಲ್ಲ. ಒಂದು ಎಲೆ ತೆಗೆದು ತೊಡೆಯ ಮೇಲೆ ಒರೆಸಿ, ಡಬ್ಬಿಯಲ್ಲಿ ಬೆರಳದ್ದಿ ಸುಣ್ಣ ಹಚ್ಚಿದಳು. ಹಚ್ಚಿದ್ದು ಮರೆತು ಮತ್ತೆ ಹಚ್ಚಿದಳು. ಅಡಿಕೆ ಇಟ್ಟು ಮಡಿಸಿ, ನನ್ನ ಬಲಗೈಗೆ ತಿಳಿಯುವುದಿಲ್ಲ ಎಂದು ನೆನಪಿಟ್ಟುಕೊಂಡು, ನನ್ನ ಗಲ್ಲ ತಡವಿ ಬಾಯಿಗೇ ಇಟ್ಟಳು. ಚಿಕ್ಕವಳಿದ್ದಾಗ ತುತ್ತು ಇಡುತ್ತಿದ್ದ ಹಾಗೆ.

"ಸುಣ್ಣ ಸರಿಯಾಗಿದೆಯೇನೇ?" ಎಂದಳು.

ನಾಲಿಗೆ ಸುಟ್ಟು ಕಣ್ಣಲ್ಲಿ ನೀರು ಬಂತು. "ಸರಿಯಾಗಿದೆ ಅಕ್ಕಾ" ಎಂದು ಅಗಿಯುತ್ತಾ ಕೂತೆ.